ಬಾಣಂತನಕ್ಕೆ ವೀಸಾ

ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಮುಂದೆ ಯಾವತ್ತಾದರೂ ಮತ್ತೆ ಅರ್ಜಿ ಹಾಕಬೇಕಾಗಿ ಬಂದರೆ ನನ್ನ ಸಿಟ್ಟಿನ ಫಲವನ್ನು ನನ್ನ ಅಕ್ಕ ಉಣ್ಣುವುದು ಬೇಡ. ಬಹಳ ಚಳಿಯ ದೇಶ, ಜನ ಸಭ್ಯರು, ಆಗುವುದಿಲ್ಲ ಎಂದು ಹೇಳುವ ಮೊದಲು ಧನ್ಯವಾದ ಹೇಳುತ್ತಾರೆ. ಇಷ್ಟು ತಿಳಿದಿದ್ದರೆ ಸಾಕು.

ಅಕ್ಕ ಅಂದರೆ ಚೌಡಮ್ಮ. ಸಿದ್ದಾಪುರದಿಂದ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಹೋದರೆ ಸಿಗುವ ಕಾನಗದ್ದೆಯಲ್ಲಿ ಅವಳ ಮನೆ. ಭಾವ ತೀರಿಕೊಂಡು ಕೆಲವು ವರ್ಷಗಳಾದವು. ಒಬ್ಬಳೇ ಮಗಳು ಭೂಮಿಕಾ ನರ್ಸಿಂಗ್ ಓದಿ ಆ ಚಳಿ ದೇಶದ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಾಳೆ. ಅಳಿಯ ಸುಹಾಸ ಅದೇ ಊರಿನಲ್ಲಿ ಬಸ್ಸು ಓಡಿಸುತ್ತಾನೆ. ಅವನ ತಾಯಿ ಅವನು ಶಾಲೆಗೆ ಹೋಗುವಾಗಲೇ ತೀರಿಹೋದವರು. ನಾನು ನವೀನ, ಸಿದ್ದಾಪುರದ ಬಸ್‌ಸ್ಟ್ಯಾಂಡ್ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ತಾಲೂಕಿನ ಅರ್ಧ ಜನರ ಆಧಾರ್ ಕಾರ್ಡಿನ ಮುಖಕ್ಕಿಂತ ನಾನು ತೆಗೆದ ಮುಖ ಚೆನ್ನಾಗಿದೆ ಎಂಬುದು ನನ್ನ ಅಭಿಪ್ರಾಯ.

ಭೂಮಿಕಾ ಬಸುರಿ ಎಂದು ತಿಳಿದ ದಿನದಿಂದಲೇ ತೊಂದರೆ ಶುರುವಾಯಿತು. ಚೊಚ್ಚಲ ಹೆರಿಗೆ ತವರಿನದು. ನಮ್ಮ ಕಡೆ ಅದರ ಬಗ್ಗೆ ಚರ್ಚೆಯೇ ಇಲ್ಲ. ಹುಡುಗಿ ತವರಿಗೆ ಬರಬೇಕು, ತಾಯಿ ಬಾಣಂತನ ಮಾಡಬೇಕು, ಬಾಣಂತಿ ಮೈ ತುಂಬಿಕೊಂಡು ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗಬೇಕು. ಆದರೆ ಅಲ್ಲಿಯ ಡಾಕ್ಟರು ಭೂಮಿಕಾಳ ರಕ್ತದೊತ್ತಡ ನೋಡಿ ವಿಮಾನ ಹತ್ತಕೂಡದು ಎಂದುಬಿಟ್ಟರು. ಹುಡುಗಿ ತವರಿಗೆ ಬರಲಾಗದಿದ್ದರೆ ತವರೇ ಅವಳ ಹತ್ತಿರ ಹೋಗಬೇಕು. ಅಕ್ಕ ಒಂದು ಕ್ಷಣವೂ ಯೋಚಿಸದೆ ಹೊರಡುತ್ತೇನೆ ಎಂದಳು. ಮಗಳ ಮೊದಲ ಬಾಣಂತನ ಮಾಡದ ತಾಯಿ ಎನ್ನಿಸಿಕೊಂಡು ಬದುಕುವುದು ಅವಳಿಂದ ಸಾಧ್ಯವಿರಲಿಲ್ಲ.

ಅರ್ಜಿ ತುಂಬಲು ನನ್ನ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತೆವು. ಕಾನಗದ್ದೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಒಂದು ಮರದ ಬುಡದಲ್ಲಿ ಸಿಗುತ್ತಿತ್ತು, ಹೋದ ಮಳೆಗಾಲದಲ್ಲಿ ಆ ಮರ ಬಿತ್ತು.

ಕಳೆದ ಹತ್ತು ವರ್ಷಗಳಲ್ಲಿ ಯಾವ ಯಾವ ದೇಶಗಳಿಗೆ ಹೋಗಿದ್ದೀರಿ ಎಂದು ಕೇಳಿದ್ದರು.

"ಗೋವಾ ಬರಿ," ಅಂದಳು ಅಕ್ಕ. "ಮೊದ್ಲು ಅದು ಬೇರೆಯವ್ರದೇ ಇತ್ತಂತೆ."

ಯಾವುದಾದರೂ ಯುದ್ಧಾಪರಾಧದಲ್ಲಿ ಭಾಗವಹಿಸಿದ್ದೀರಾ ಎಂದು ಕೇಳಿದ್ದರು.

"ಗದ್ದೆಗೆ ಬಂದ ಮಂಗನ ಓಡ್ಸಲಿಕ್ಕೆ ಗರ್ನಾಲು ಹೊಡ್ದದ್ದು ಇದೆ. ಅದೂ ಬರೀಬೇಕನಾ ತಮಾ?"

ಬೇಡ ಎಂದೆ. ಅದೊಂದು ಪ್ರಶ್ನೆಯಲ್ಲಿ ಮಾತ್ರ ನಾವು ಬುದ್ಧಿವಂತಿಕೆ ತೋರಿಸಿದೆವು ಎಂದು ಈಗ ಅನ್ನಿಸುತ್ತದೆ.

ಪ್ರವಾಸದ ಉದ್ದೇಶವನ್ನು ವಿವರಿಸಿ ಒಂದು ಪತ್ರ ಬೇಕಿತ್ತು. ಅದಕ್ಕೆ ವಿಶ್ವೇಶ್ವರ ಹೆಗಡೆ ಮಾಸ್ತರರ ಹತ್ತಿರ ಹೋದೆವು. ಹೆಗಡೆಕಟ್ಟಾ ಊರಿನವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಸಿದ್ದಾಪುರದಲ್ಲೇ ಉಳಿದಿದ್ದಾರೆ. ನಿವೃತ್ತಿಯ ನಂತರ ಅವರ ಇಂಗ್ಲಿಷಿಗೆ ಯೋಗ್ಯವಾದ ಕೆಲಸ ಸಿಕ್ಕಿರಲಿಲ್ಲ.

"ನೀ ಎಂತೆಂತ ಮಾಡ್ತೆ ಅಂತ ಹೇಳ್ತಾ ಹೋಗು ಚೌಡಮ್ಮ, ನಾನು ಬರ್ಕೊಳ್ತೆ," ಅಂದರು. "ಒಂದೂ ಬಿಡೂದು ಬೇಡ. ಅಲ್ಲಿಯವ್ರಿಗೆ ಬಾಣಂತನ ಅಂದ್ರೆ ಎಂತ ಅಂತ್ಲೇ ಗೊತ್ತಿಲ್ಲೆ."

ಅಕ್ಕ ಹೇಳುತ್ತಾ ಹೋದಳು. ಬಾಣಂತಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಹಂಡೆಯ ಬಿಸಿನೀರು ಹೊಯ್ಯುವುದು, ಹೊಟ್ಟೆಗೆ ಬಟ್ಟೆ ಕಟ್ಟುವುದು, ಬೆಳ್ಳುಳ್ಳಿ ಮತ್ತು ಕಾಳುಮೆಣಸಿನ ಸಾರು, ಲೇಹ, ಕೂಸನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು, ಧೂಪ ಹಿಡಿಯುವುದು, ಬಜೆ ತೇದು ನೆಕ್ಕಿಸುವುದು, ರಾತ್ರಿ ಎಚ್ಚರ ಇರುವುದು. ಮಾಸ್ತರರು ಒಂದನ್ನೂ ಬಿಡಲಿಲ್ಲ. ಆ ಪತ್ರ ಓದಿದರೆ ಗಂಡಸರಿಗೂ ಒಮ್ಮೆ ಹೆರಬೇಕು ಅನ್ನಿಸಬೇಕು, ಹಾಗಿತ್ತು. ಕೆಲಸ ಎಷ್ಟು ಹೆಚ್ಚು ಬರೆದರೆ ಅಕ್ಕ ಅಲ್ಲಿಗೆ ಹೋಗುವ ಅಗತ್ಯ ಅಷ್ಟು ಚೆನ್ನಾಗಿ ತಿಳಿಯುತ್ತದೆ ಎಂದು ನಾವು ಮೂವರೂ ನಂಬಿದ್ದೆವು. ನಮ್ಮ ಊರಿನಲ್ಲಿ ಯಾರಿಗೆ ಓದಿ ಹೇಳಿದ್ದರೂ ಕಣ್ಣಲ್ಲಿ ನೀರು ಬರುತ್ತಿತ್ತು.

ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಿತ್ತು. ಹೋದೆವು. ಗಾಜಿನ ಬಾಗಿಲು, ಒಳಗೆ ಸಾಲು, ಸಾಲಿನ ಕೊನೆಯಲ್ಲಿ ಒಬ್ಬಳು ಹುಡುಗಿ. ಅವಳು ನಾನು ತೆಗೆದ ಫೋಟೋವನ್ನು ಎತ್ತಿ ಹಿಡಿದು ನೋಡಿ ಪಕ್ಕಕ್ಕಿಟ್ಟಳು. ಮೂಗುಬೊಟ್ಟಿನ ಮೇಲೆ ಬೆಳಕು ಬಿದ್ದಿದೆ, ಕಿವಿ ಪೂರ್ತಿ ಕಾಣುವುದಿಲ್ಲ, ಮುಖದಲ್ಲಿ ನಗು ಇದೆ ಎಂದಳು. ನಗು ಇರಲಿ ಎಂದೇ ನಾನು ಕಷ್ಟಪಟ್ಟು ತೆಗೆದದ್ದು ಎಂದೆ. ಒಳಗೆ ಇನ್ನೊಂದು ಯಂತ್ರದ ಮುಂದೆ ನಿಲ್ಲಿಸಿ ಅವರೇ ತೆಗೆದರು. ಅದರಲ್ಲಿ ಅಕ್ಕ ಸೊಸೈಟಿಯಿಂದ ಅಕ್ಕಿ ಚೀಲ ಕದ್ದು ಸಿಕ್ಕಿಬಿದ್ದವಳಂತೆ ಕಾಣುತ್ತಿದ್ದಳು. ಇದು ಸರಿಯಾಗಿದೆ ಎಂದು ಹುಡುಗಿ ಹೇಳಿದಳು. ಸಿದ್ದಾಪುರಕ್ಕೆ ಬರುವ ತನಕ ನಾನು ಅಕ್ಕನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳದ್ದೇನೂ ತಪ್ಪಿರಲಿಲ್ಲ, ಆದರೂ.

ಉತ್ತರ ಬಂತು. ಮೊದಲ ಸಾಲಿನಲ್ಲಿ ಧನ್ಯವಾದ ಇತ್ತು. ಎರಡನೆಯ ಪ್ಯಾರಾದಲ್ಲಿ, ಅರ್ಜಿದಾರರು ನಮ್ಮ ದೇಶದಲ್ಲಿ ಅಡುಗೆ, ಶಿಶುಪಾಲನೆ, ಅಂಗಮರ್ದನ ಮತ್ತು ರಾತ್ರಿ ಪಾಳಿಯ ಕೆಲಸದಲ್ಲಿ ತೊಡಗುವ ಉದ್ದೇಶವನ್ನು ಸ್ವತಃ ಒಪ್ಪಿಕೊಂಡಿದ್ದಾರೆ, ಪ್ರವಾಸಿಯಾಗಿ ಬರುವವರು ಕೆಲಸ ಮಾಡುವಂತಿಲ್ಲ ಎಂದಿತ್ತು. ಮೂರನೆಯದರಲ್ಲಿ, ಅರ್ಜಿದಾರರಿಗೆ ಪತಿ ಇಲ್ಲ, ಅವರ ಹೆಸರಿನಲ್ಲಿ ಆಸ್ತಿ ಇಲ್ಲ, ಒಬ್ಬಳೇ ಮಗಳು ನಮ್ಮಲ್ಲಿದ್ದಾಳೆ, ಆದ್ದರಿಂದ ಅವರು ತಮ್ಮ ದೇಶಕ್ಕೆ ಹಿಂತಿರುಗುತ್ತಾರೆ ಎಂದು ನಂಬಲು ಕಾರಣ ಕಾಣುವುದಿಲ್ಲ ಎಂದಿತ್ತು.

ಮಾಸ್ತರರು ಅದನ್ನು ಕನ್ನಡ ಮಾಡಿ ಹೇಳಿದರು. ಕೆಲಸದ ಮಾತು ಅಕ್ಕನಿಗೆ ಅರ್ಥವೇ ಆಗಲಿಲ್ಲ. ಮಗಳನ್ನು ಮೀಯಿಸುವುದು ಉದ್ಯೋಗ ಎಂದರೆ ಯಾರಿಗೆ ಅರ್ಥವಾಗುತ್ತದೆ? ಹಿಂತಿರುಗುವುದಿಲ್ಲ ಎಂಬ ಮಾತು ಮಾತ್ರ ತಾಗಿತು.

"ನಾ ಅಲ್ಲೇ ಉಳ್ಕಂಬಿಡ್ತೆ ಅಂತನಾ ಅವ್ರು ಹೇಳೂದು?"

ಹೌದು ಅಂದೆ.

ಅಕ್ಕ ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಊಟ ಮುಗಿದ ಕೂಡಲೇ ಕೊಡೆ ಹುಡುಕುವವಳು. ಎಮ್ಮೆ ಕಾಯುತ್ತದೆ, ಕೋಳಿ ಮುಚ್ಚಬೇಕು, ಕೊನೆಯ ಬಸ್ಸು ತಪ್ಪುತ್ತದೆ. ಮೂವತ್ತು ವರ್ಷಗಳಲ್ಲಿ ಒಂದು ರಾತ್ರಿ ಅವಳನ್ನು ನಮ್ಮಲ್ಲಿ ಉಳಿಸಿಕೊಳ್ಳಲು ನನ್ನ ಹೆಂಡತಿಗೆ ಆಗಿಲ್ಲ. ಅಂಥವಳು ಯಾರದೋ ದೇಶಕ್ಕೆ ಹೋಗಿ ಅಲ್ಲೇ ಬೀಡುಬಿಡುತ್ತಾಳೆ ಎಂದು ಬರೆದವರ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ತೋರಿಸುವುದು? ಫೋಟೋಕ್ಕೆ ಬಂದ ಗಿರಾಕಿಗಳ ಮೇಲೆ ತೋರಿಸಿದೆ.

ಎರಡನೆಯ ಸಲ ನಾವು ಶಿರಸಿಗೆ ಹೋದೆವು. ಅಲ್ಲಿ ರಘುಪತಿ ಎಂಬವರು ಟ್ರಾವೆಲ್ಸ್ ನಡೆಸುತ್ತಾರೆ. ಗೋಡೆ ತುಂಬ ಹಿಮದ ಬೆಟ್ಟಗಳ ಚಿತ್ರ, ಮೇಲೆ ಒಂದು ಫ್ಯಾನು. ಮಾಸ್ತರರ ಪತ್ರ ಓದಿ ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಸತ್ಯ ಯಾರು ಬರೀರಿ ಅಂದ್ರು ನಿಮ್ಗೆ? ಕಿರವತ್ತಿಯಲ್ಲಿ ಢಾಬಾ ಇಟ್ಟವ್ರಿಗೆ ಮೊನ್ನೆ ನಾನೇ ವೀಸಾ ಮಾಡ್ಸಿ ಕೊಟ್ಟೆ. ನೋಡ್ಲಿಕ್ಕೆ ಹೋಗ್ತೆ ಅಂತ ಬರ್ದೆವು, ಮುಗೀತು."

"ಎಂತ ನೋಡ್ಲಿಕ್ಕೆ?" ಅಂತ ಅಕ್ಕ ಕೇಳಿದಳು.

"ಕೋಟೆ. ಅಲ್ಲಿ ಹಳೇ ಕೋಟೆ ಬೇಕಾದಷ್ಟಿವೆ. ಒಂದು ದೊಡ್ಡ ಕೆರೆನೂ ಇದೆ."

"ಕೆರೆ ನೋಡ್ಲಿಕ್ಕೆ ಅಷ್ಟು ದೂರ ಹೋಗೂದನಾ?"

"ಅಮ್ಮಾ, ನೀವು ಪ್ರವಾಸಿ. ಮಗು ನೋಡ್ಕೊಳ್ಳೂದಿಲ್ಲ, ಅಡುಗೆ ಮಾಡೂದಿಲ್ಲ ಅಂತ ಸಹಿ ಹಾಕ್ಬೇಕು."

"ಕೂಸು ಅತ್ರೆ?"

"ಪ್ರವಾಸಿಗೆ ಕೂಸು ಅತ್ತದ್ದು ಕೇಳೂದಿಲ್ಲ."

ಅಕ್ಕ ಸಹಿ ಹಾಕಿದಳು. ಹುಟ್ಟದ ಮೊಮ್ಮಗುವನ್ನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟದ್ದು ಅವಳಿಗೆ ಅಪಶಕುನವಾಗಿ ಕಂಡಿರಬೇಕು. ಹೊರಗೆ ಬಂದ ಮೇಲೆ ದೇವರಿಗೆ ಕೈ ಮುಗಿದು ತಪ್ಪುಕಾಣಿಕೆ ಕಟ್ಟಿದಳು.

ಅರ್ಜಿ ಕಳಿಸುವ ಮೊದಲು ಇನ್ನೊಂದು ಕೆಲಸವಿತ್ತು. ವಾಪಸು ಬರುತ್ತಾಳೆ ಎನ್ನುವುದಕ್ಕೆ ಪುರಾವೆ ಬೇಕು, ಪಹಣಿ ತನ್ನಿ ಎಂದು ರಘುಪತಿ ಹೇಳಿದರು. ಪಹಣಿ ಇರಲಿಲ್ಲ. ಅಕ್ಕನ ಮಾವ ಯಾವ ಕಾಲದಲ್ಲೋ ಕಾಡಿನ ಅಂಚಿನಲ್ಲಿ ಗದ್ದೆ ಮಾಡಿದವರು. ಅದು ಅರಣ್ಯ ಭೂಮಿ, ಅತಿಕ್ರಮಣ ಎಂದು ಸರ್ಕಾರ ಹೇಳುತ್ತದೆ. ಹಕ್ಕು ಕೊಡಿ ಎಂದು ಅರ್ಜಿ ಹಾಕಿದ್ದಾರೆ, ಅದು ಇನ್ನೂ ಎಲ್ಲೋ ಕೂತಿದೆ. ನಮ್ಮ ಕಡೆಯ ತಾಲೂಕುಗಳಲ್ಲಿ ಇಂಥ ಮನೆಗಳಿಗೆ ಲೆಕ್ಕವಿಲ್ಲ. ಮಕ್ಕಳು ಹುಟ್ಟುತ್ತವೆ, ಮದುವೆಯಾಗುತ್ತವೆ, ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ, ಕಾಗದದಲ್ಲಿ ಮಾತ್ರ ಅಲ್ಲಿ ಕಾಡಿದೆ.

"ಜಾಗದ ಕಾಗ್ದ ಯಾವ್ದೂ ಇಲ್ವ?" ಅಂತ ರಘುಪತಿ ಕೇಳಿದರು.

"ಬಿಟ್ಟು ಹೋಗಿ ಅಂತ ಬಂದ ನೋಟಿಸು ಇವೆ," ಅಂದಳು ಅಕ್ಕ.

ಮರುದಿನ ಅವಳು ಅವನ್ನು ಒಂದು ಚೀಲದಲ್ಲಿ ತಂದಳು. ಮಾವನ ಹೆಸರಿಗೆ ಬಂದವು, ಭಾವನ ಹೆಸರಿಗೆ ಬಂದವು, ಭಾವ ತೀರಿಕೊಂಡ ಮೇಲೆ ಅವಳ ಹೆಸರಿಗೇ ಬಂದವು. ಕೆಲವು ಟೈಪು ಮಾಡಿದ್ದು, ಕೆಲವು ಕಂಪ್ಯೂಟರಿನದ್ದು. ಎಲ್ಲದರಲ್ಲೂ ಒಂದೇ ಮಾತು: ಈ ಜಾಗವನ್ನು ಕೂಡಲೇ ತೆರವು ಮಾಡತಕ್ಕದ್ದು. ರಘುಪತಿ ಹೆದರಿದರು.

"ಇದನ್ನ ಹಾಕಿದ್ರೆ ಸರ್ಕಾರದ ಮಾತು ಕೇಳದವ್ರು ಅಂತಾಗ್ತದೆ."

"ಹೋಗು ಹೋಗು ಅಂತ ಅಷ್ಟು ಸಲ ಹೇಳಿದ್ರೂ ಹೋಗದವ್ರು ನಾವು," ಅಂದಳು ಅಕ್ಕ. "ಅವ್ರ ದೇಶ ನೋಡಿದ ಕೂಡ್ಲೆ ಬಿಟ್ಟು ಹೋಗ್ತೆನಾ? ಹಾಕು ತಮಾ ಅದನ್ನ."

ನನಗೆ ಅದು ಸರಿ ಎಂದು ಕಂಡಿತು. ಇಷ್ಟು ದಿನ ತಪ್ಪು ಮಾಡಿದವರ ಹಾಗೆ ಪೆಟ್ಟಿಗೆಯ ತಳದಲ್ಲಿ ಮುಚ್ಚಿಟ್ಟದ್ದನ್ನು ಅವಳು ಆವತ್ತು ತಲೆ ಎತ್ತಿ ಹೇಳಿದಳು. ನಾನು ಎಲ್ಲವನ್ನೂ ಸ್ಕ್ಯಾನ್ ಮಾಡಿದೆ. ಮಾಸ್ತರರು ಹೊಸ ಪತ್ರ ಬರೆದರು. ಮೂರು ತಲೆಮಾರುಗಳಿಂದ ಈ ಕುಟುಂಬವನ್ನು ಅಲ್ಲಿಂದ ಕದಲಿಸಲು ಯಾರಿಂದಲೂ ಆಗಿಲ್ಲ, ಅರ್ಜಿದಾರರು ಕೋಟೆಗಳನ್ನು ನೋಡಿ ಅದೇ ಜಾಗಕ್ಕೆ ಮರಳುವುದು ನಿಶ್ಚಿತ ಎಂದು ಅದರ ತಾತ್ಪರ್ಯ. ಮತ್ತೆ ಬೆಂಗಳೂರು, ಮತ್ತೆ ಕಳ್ಳಿಯ ಫೋಟೋ.

ಆಮೇಲೆ ಕಾಯುವುದು. ಅರ್ಜಿ ಪರಿಶೀಲನೆಯಲ್ಲಿದೆ ಎಂದು ಕಂಪ್ಯೂಟರು ಹೇಳುತ್ತಿತ್ತು. ನಾನು ಬೆಳಗ್ಗೆ ಅಂಗಡಿ ತೆರೆದು ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ ಆಮೇಲೆ ಅದನ್ನು ನೋಡುತ್ತಿದ್ದೆ. ಪರಿಶೀಲನೆಯಲ್ಲಿದೆ. ಅಲ್ಲಿ ಭೂಮಿಕಾಳ ದಿನ ತುಂಬುತ್ತಿತ್ತು. ಅಕ್ಕ ಲೇಹ ಕುದಿಸಿ ಬಾಟಲಿಗೆ ತುಂಬಿದಳು, ಹಳೇ ಹತ್ತಿ ಸೀರೆ ಹರಿದು ಮೆತ್ತಗಿನ ಬಟ್ಟೆ ಮಾಡಿದಳು, ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಅರ್ಜಿ ಪರಿಶೀಲನೆಯಲ್ಲಿರುವಾಗಲೇ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ ಎಂದು ಸುಹಾಸ ಫೋನು ಮಾಡಿದ. ಅಕ್ಕ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಂತೋಷಕ್ಕೋ ಸಂಕಟಕ್ಕೋ ಅಂತ ನಾನು ಕೇಳಲಿಲ್ಲ, ನನಗೂ ಎರಡೂ ಆಗುತ್ತಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಸುಹಾಸ ವಿಡಿಯೋ ಕಾಲ್ ಮಾಡಿ, "ಅತ್ತೆ, ಕೂಸನ್ನ ಹ್ಯಾಂಗೆ ಮೀಯ್ಸೂದು?" ಅಂದ. ಭೂಮಿಕಾಳಿಗೆ ಹೊಟ್ಟೆ ಕೊಯ್ದು ಹೆರಿಗೆಯಾಗಿತ್ತು, ಬಗ್ಗುವಂತಿರಲಿಲ್ಲ. ವೃದ್ಧರನ್ನು ಮೀಯಿಸಲು ಅವಳಿಗೆ ಗೊತ್ತು, ಇಷ್ಟು ಚಿಕ್ಕವರನ್ನು ಗೊತ್ತಿಲ್ಲ.

ಆಮೇಲೆ ನಡೆದದ್ದನ್ನು ಸಿದ್ದಾಪುರದವರು ಬಹಳ ಜನ ನೋಡಿದ್ದಾರೆ. ಅವರಿಗೆ ಬೆಳಗಾಗುವ ಹೊತ್ತಿಗೆ ನಮಗೆ ಮಧ್ಯಾಹ್ನ. ಅಕ್ಕ ದಿನಾ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದಳು, ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಕೂಸಿನಷ್ಟೇ ದಪ್ಪದ ಒಂದು ಮೊಗೆಕಾಯಿ, ಅಂದರೆ ಸಾಂಬಾರು ಸೌತೆ. ಸ್ಟುಡಿಯೋದ ಪರದೆಯ ಮುಂದೆ ಕಾಲು ನೀಡಿ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಮೊಗೆಕಾಯಿಯನ್ನು ಕಾಲ ಮೇಲೆ ಮಲಗಿಸುತ್ತಿದ್ದಳು. ನಾನು ಟ್ರೈಪಾಡಿಗೆ ಫೋನು ಸಿಕ್ಕಿಸಿ ಲೈಟು ಹಾಕುತ್ತಿದ್ದೆ. ಅಲ್ಲಿ ಸುಹಾಸ ತನ್ನ ಬಚ್ಚಲಲ್ಲಿ ಅದೇ ರೀತಿ ಕೂರುತ್ತಿದ್ದ.

"ಕುತ್ಗೆ ಹಿಡಿ. ಹಾಂಗಲ್ಲ, ಬೆರಳು ಅಗಲ ಮಾಡು. ನೆತ್ತಿಗೆ ಎಣ್ಣೆ ಒತ್ತು. ಈಗ ಕವುಚಿ ಹಾಕು, ಹೆದರ್ಬೇಡ, ಕೂಸು ಮುರಿಯೂದಿಲ್ಲ."

ಅವಳು ಮೊಗೆಕಾಯಿಯ ಬೆನ್ನು ತಿಕ್ಕುತ್ತಿದ್ದಳು, ಅವನು ಮಗಳ ಬೆನ್ನು ತಿಕ್ಕುತ್ತಿದ್ದ. ಕೂಸು ಕಿರುಚಿದರೆ ಅಕ್ಕ ಹಾಡುತ್ತಿದ್ದಳು, ಕೂಸು ಫೋನಿನ ಕಡೆ ತಿರುಗಿ ಸುಮ್ಮನಾಗುತ್ತಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಒಬ್ಬರೂ ಗಡಿಬಿಡಿ ಮಾಡಲಿಲ್ಲ. ಬನವಾಸಿ ಕಡೆಯ ನೀಲಗಂಗವ್ವ ಎಂಬ ಅಜ್ಜಿ ಒಂದು ದಿನ ಪಿಂಚಣಿ ಫೋಟೋಕ್ಕೆ ಬಂದವರು, "ನೀರು ಇನ್ನೊಂದೀಟು ಬಿಸಿ ಇರ್ಲಿ ಅನ್ರಿ ಅವ್ರಿಗೆ," ಎಂದು ಸಲಹೆಯನ್ನೂ ಕೊಟ್ಟರು. ಮೊಗೆಕಾಯಿಯನ್ನು ಅಕ್ಕ ಸಂಜೆ ಮನೆಗೆ ಒಯ್ಯುತ್ತಿದ್ದಳು. ಸಾಂಬಾರಿಗೆ ಹಾಕುವ ಮನಸ್ಸಾಗದೆ ಎಮ್ಮೆಗೆ ಕೊಡುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಹೀಗೇ ತಿಂಗಳುಗಳು ಹೋದವು. ಮೊಗೆಕಾಯಿಯ ಕಾಲ ಮುಗಿದು ಬೂದುಗುಂಬಳ ಬಂತು, ಕೂಸೂ ಅಷ್ಟು ದೊಡ್ಡದಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಕಾಲು ನೀಡಿ ಕೂರುವುದರೊಳಗೆ ಸುಹಾಸ ಕೂಸನ್ನು ಮೀಯಿಸಿ, ಒರೆಸಿ, ಬಟ್ಟೆ ಸುತ್ತಿ ತೋರಿಸಿದ. ಅವನ ಮುಖ ಅರಳಿತ್ತು.

"ಅತ್ತೆ, ಇನ್ನು ನೀವು ಬರದಿದ್ರೂ ಅಡ್ಡಿಲ್ಲೆ. ನಂಗೆ ಎಲ್ಲಾ ಬತ್ತದೆ."

ಅವನು ಪ್ರೀತಿಯಿಂದಲೇ ಹೇಳಿದ್ದು. ವೀಸಾಕ್ಕಾಗಿ ಅವಳು ಒದ್ದಾಡುವುದನ್ನು ನೋಡಿ, ಭಾರ ಇಳಿಸಿಕೊಳ್ಳಲಿ ಎಂದು ಹೇಳಿದ್ದು. ಅಕ್ಕ ನಕ್ಕಳು, ಒಳ್ಳೇದಾತು ಅಂದಳು. ಫೋನು ಇಟ್ಟ ಮೇಲೆ ಬೂದುಗುಂಬಳವನ್ನು ಚೀಲಕ್ಕೆ ಹಾಕಲು ಮರೆತು ಹೋದಳು. ಬಸ್ಸು ಹೊರಡುವ ತನಕ ಕಿಟಕಿಯಲ್ಲಿ ಅವಳ ಮುಖ ನನಗೆ ಕಾಣುತ್ತಿತ್ತು. ಮೊದಲ ನಿರಾಕರಣೆಯ ಪತ್ರ ಬಂದಾಗಲೂ ನನಗೆ ಅಷ್ಟು ದುಃಖವಾಗಿರಲಿಲ್ಲ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ, ವೀಸಾ ಬಂತು. ಕಾರಣ ಬರೆದಿರಲಿಲ್ಲ. ಕೊಡುವುದಿಲ್ಲ ಎನ್ನುವುದಕ್ಕೆ ಎರಡು ಪುಟ ಕಾರಣ ಬರೆಯುವವರು ಕೊಡುತ್ತೇವೆ ಎನ್ನುವುದಕ್ಕೆ ಒಂದು ಸಾಲೂ ಬರೆಯುವುದಿಲ್ಲ. ಕೋಟೆಯಿಂದ ಆದದ್ದು ಎಂದು ರಘುಪತಿ ಹೇಳುತ್ತಾರೆ. ತಮ್ಮ ಇಂಗ್ಲಿಷಿನಿಂದ ಎಂದು ಮಾಸ್ತರರು. ನನ್ನನ್ನು ಕೇಳಿದರೆ ಅಷ್ಟು ನೋಟಿಸುಗಳನ್ನು ಓದುತ್ತಾ ಆ ಆಫೀಸರಿಗೆ ನಮ್ಮ ಸರ್ಕಾರದ ಮೇಲೆ ಕನಿಕರ ಹುಟ್ಟಿರಬೇಕು.

"ಈಗ ಹೋಗಿ ಎಂತ ಮಾಡೂದು?" ಅಂದಳು ಅಕ್ಕ. "ಬಾಣಂತನ ಮುಗ್ದು ಹೋಯ್ತು."

"ಕೋಟೆ ನೋಡು," ಅಂದೆ. ತಮಾಷೆಗೆ ಹೇಳಿದ್ದು. ಆದರೆ ಅರ್ಜಿಯಲ್ಲಿ ನಾವು ಬರೆದ ಸುಳ್ಳು ಅಷ್ಟರಲ್ಲಿ ನಿಜವಾಗಿ ಕೂತಿತ್ತು. ಅವಳಿಗೆ ಅಲ್ಲಿ ಮಾಡುವ ಕೆಲಸ ಏನೂ ಉಳಿದಿರಲಿಲ್ಲ.

ಆದರೂ ಹೊರಟಳು. ಕೂಸನ್ನು ಒಮ್ಮೆ ಎತ್ತಿಕೊಳ್ಳಬೇಕು, ಅಷ್ಟೇ ಎಂದಳು. ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಆಚೆ ಹೋಗುವ ತನಕ ತಿರುಗಿ ತಿರುಗಿ ನೋಡುತ್ತಿದ್ದಳು.

ಅಲ್ಲಿಂದ ಅವಳ ಫೋನು ಬಂದದ್ದು ನಾನು ಒಬ್ಬಳು ಕಾಲೇಜು ಹುಡುಗಿಯ ಫೋಟೋ ತೆಗೆಯುತ್ತಿದ್ದಾಗ. ಹೇಗಿದೆ ಕೂಸು ಅಂದೆ.

"ಒಳ್ಳೇದಿದೆ." ಅಕ್ಕನ ದನಿ ಸಣ್ಣಗಿತ್ತು. "ನಾ ಎತ್ತಿಕೊಂಡ ಕೂಡ್ಲೆ ಹೌಹಾರಿ ಅಳೂದು. ಗುರ್ತಿಲ್ಲ ಅದಕ್ಕೆ. ಸುಹಾಸ ತಗೊಂಡ್ರೆ ಸುಮ್ನಾಗ್ತದೆ. ಮೊನ್ನೆಯಿಂದ ಹೀಂಗೇ."

ಇಷ್ಟು ಓಡಾಟ, ಇಷ್ಟು ಕಾಗದ, ಇಷ್ಟು ದೂರ, ಕೊನೆಗೆ ಇದು.

"ಹ್ಯಾಂಗೆ ಮೀಯ್ಸ್ತಾರೆ ಮತ್ತೆ?" ಅಂದೆ, ಏನಾದರೂ ಕೇಳಬೇಕಲ್ಲ ಎಂದು.

"ನಾ ಬಚ್ಚಲಿಗೆ ಹೋದ್ರೆ ಕಿರುಚ್ತದೆ. ಫೋನಲ್ಲಿ ನಾ ಕಂಡ್ರೆ ಮಾತ್ರ ಸುಮ್ನಿರ್ತದೆ, ನಗ್ತದೆ. ಅದಕ್ಕೆ ಫೋನಲ್ಲಿದ್ದದ್ದೇ ಅಜ್ಜಿ. ಹಾಂಗಾಗಿ ಈಗ ಪಕ್ಕದ ಕೋಣೆಯಲ್ಲಿ ಕೂತ್ಕೊಳ್ತೆ, ಬಾಗ್ಲು ಹಾಕ್ಕೊಂಡು."

ಸಹಿ ಹಾಕಿಕೊಟ್ಟ ಮಾತನ್ನು ಅವಳು ಮುರಿದಿಲ್ಲ, ಯಾರ ಕೆಲಸವನ್ನೂ ಮಾಡುತ್ತಿಲ್ಲ, ಆ ದೇಶದ ಕಾಯಿದೆಗೆ ಅವಳಿಂದ ಏನೂ ತೊಂದರೆಯಾಗಿಲ್ಲ.

"ಇಡ್ತೆ ತಮಾ," ಅಂದಳು. "ಸುಹಾಸನ ಫೋನು ಬತ್ತಾ ಇದೆ. ಕೂಸಿಗೆ ಮೀಯೂ ಹೊತ್ತಾತು."